ಎಷ್ಟನೇ ಕಾವಿನ ಎಣ್ಣಿ

ಸೊಲ್ಲಾಪುರ ಹೈವೇದ ಧಾಬಾದ ಹಿಂಬಾಗಿಲಿಗೆ
ರಾತ್ರಿ ಹನ್ನೊಂದಕ್ಕ ನನ್ನ ಲೂನಾ ಹೋಗಿ ನಿಲ್ಲತಿತ್ತು.
ಕಡಾಯಿ ಆರಾಕ ಇಟ್ಟಿರತಿದ್ರು:
ಕರ್ರಗ, ಮಂದಗ, ತಳದಾಗ ಸುಟ್ಟ ಉಳ್ಳಾಗಡ್ಡಿ,
ಮ್ಯಾಲ ಟ್ಯೂಬ್‌ಲೈಟಿನ ನೆಳ್ಳು ನಡಗತಿತ್ತು.
ಲೀಟರಿಗೆ ಮೂವತ್ತು ಕೊಟ್ಟು,
ಹಳೇ ಧೋತರದಾಗ ಸೋಸಿ,
ಮುಂಜಾನಿ ಮೈಂದರಗಿಯಾಗ ಅರವತ್ತಕ್ಕ ಮಾರತಿದ್ದೆ.
ಇದಕ್ಕ ಯಾರೂ ಕಳವು ಅನ್ನಲಿಲ್ಲ.
ಧಂದೆ ಅಂದ್ರು. ನಾನೂ ಹಂಗ ಅಂದೆ,
ಹತ್ತೊಂಬತ್ತು ವರ್ಷ.

ಸುಗಲಾಬಾಯಿ ಕ್ಯಾನಿನ ಬಾಯಿ ಮೂಸಿ ಕೇಳತಿದ್ದಳು:
"ಎಷ್ಟನೇ ಕಾವಿಂದೋ ಇದು, ಭೀಮಶಾ?"
"ಎರಡನೇದು, ಅಕ್ಕಾ."
ನಾಕನೇದೋ, ಏಳನೇದೋ,
ಕಡಾಯಿ ಬಾಯಿ ಬಿಟ್ಟು ಹೇಳತದೇನು?

ಆಕಿ ಗಾಡಿ ಮುಂದ ಬೀಡಿ ಕಾರಖಾನಿ.
ದಿನಕ್ಕ ಸಾವಿರ ಬೀಡಿ ಕಟ್ಟೋ ಬೆರಳಿಗೆ
ರೊಟ್ಟಿ ಬಡಿಯೋ ಜೀವ ಎಲ್ಲಿ ಉಳೀತದ?
ಪಾವಿನಾಗ ವಡಾ, ಬಾಜೂಕ ಉಪ್ಪು ಹಚ್ಚಿದ ಮೆಣಸಿನಕಾಯಿ,
ಹುಡುಗರ ಕೈಯಾಗ ಐದ್ರುಪಾಯಿ ಪಾಕೀಟು,
ಚಾದಾಗ ಖಾರಿ ಅದ್ದಿದ್ರ ಮುಂಜಾನಿದು ಮುಗೀತು.
ಹೊಟ್ಟಿ ತುಂಬಿತೋ ಇಲ್ಲೋ, ಅಷ್ಟ ಲೆಕ್ಕ.
ಹೊಟ್ಟಿ ಮ್ಯಾಲ, ಎಡಕ್ಕ, ಇನ್ನೊಂದು ಅದ
ಬೇಡೂದಿಲ್ಲ, ಅಳೂದಿಲ್ಲ,
ಅದರ ಸುದ್ದಿ ಯಾರು ತಗೀಬೇಕು.

ನಮ್ಮ ಹೊಲದ ಮಾಲದಂಡಿ ಜೋಳ ಅಷ್ಟರಾಗ ತುಟ್ಟಿ ಆತು.
ಚೀಲ ಹೊಲಕೊಂಡು ಪುಣೆಕ್ಕ ಹೋತು,
ಡಾಕ್ಟರು ಬರದುಕೊಟ್ಟವರ ತಾಟಿಗೆ.
ಬೆಳದವರು ರೇಶನ್ನಿನ ಅಕ್ಕಿ ಉಂಡ್ವಿ.

ಅಕ್ಕಲಕೋಟ ದಾಟಿದ ಏರಿನಾಗ ಒಂದಿನ
ತುಂಬಿದ ಡಬ್ಬಿ ಯಾರೋ ಎದಿ ಮ್ಯಾಲ ಇಟ್ಟಂಗ ಆತು.
ವಾಯು ಅಂದ್ಕೊಂಡು ಸೋಡಾ ಕುಡದೆ.
ನೋವು ಗದ್ದಕ್ಕ ಏರಿದಾಗ
ಹಾಲಿನ ಟೆಂಪೋದವ ಕ್ಯಾನಿನ ನಡುವ ಮಲಗಿಸಿ ಒಯ್ದ.

ಮಾಶಾಳಕರ ಡಾಕ್ಟರು ಉದ್ದನ್ನ ಕಾಗದ ಹಿಡದು ನೋಡಿದ್ರು.
ಗೀರು ಏಳತದ, ಬೀಳತದ, ತಟಕ್ಕನ ಏಳತದ.
ಹಿಟ್ಟು ಬಿಟ್ಟಾಗ ಎಣ್ಣಿ ಸಿಡಿಯೂದೂ ಹಿಂಗ.
"ಏನು ತಿಂತೀರಿ?" ಅಂದ್ರು.
ಏನು ಮಾರತೀರಿ ಅಂತ ಕೇಳಲಿಲ್ಲ, ನನ್ನ ಪುಣ್ಯಾ.
"ನಿಮ್ಮೊಬ್ಬರದಲ್ಲ ಇದು, ಎಲ್ಲಾ ದೇಶದಾಗೂ ಇದ ಕಥಿ.
ಎಣ್ಣಿ ಉಪ್ಪು ಸಕ್ಕರಿ ಮುಂದ ಬಂದು ಕುಂತಾವ,
ಕಾಳು ಪಲ್ಯಾ ಬಾಗಲಾಗ ನಿಂತಾವ."

ಆ ರಾತ್ರಿ ಸಲೈನಿನ ಹನಿ ಎಣಸಕೋತ
ಎಣ್ಣಿ ಡಬ್ಬಿ ಮ್ಯಾಲಿನ ಗಿಡ ನೆನಪಾತು,
ನಮ್ಮ ಸೀಮಿಯಾಗ ನಾ ಎಂದೂ ಕಾಣದ ಗಿಡ.
ಅದರ ಎಣ್ಣಿ ಹಡಗ ಹತ್ತಿ ಎಷ್ಟು ಬಂದರ ಇಳದಿರಬೇಕು!
ಒಂದೊಂದು ಬಂದರಕ್ಕೂ ಒಂದು ಹಿಂಬಾಗಿಲ,
ಒಂದೊಂದು ಹಿಂಬಾಗಿಲಿಗೂ ನನ್ನಂಥವ ಒಬ್ಬ.
ಅವನ ಭಾಷಾ ನನಗ ಬರೂದಿಲ್ಲ.
"ಎರಡನೇದು" ಅನ್ನೂದಷ್ಟ ತಿಳೀತದ.

ಎರಡು ತಿಂಗಳಿಗೆ ಮೈಂದರಗಿಗೆ ಹೋದೆ, ಬಸ್ಸಿನಾಗ, ಬರಿಗೈಲೆ.
"ಅಕ್ಕಾ, ಅದು ಎರಡನೇದಲ್ಲ. ಒಂದಿನಾನೂ ಆಗಿರಲಿಲ್ಲ."
ಸುಗಲಾಬಾಯಿ ಜಾರಿ ಝಾಡಿಸಿದಳು.
"ಗೊತ್ತಿತ್ತೋ. ನಾನೂ ಮ್ಯಾಲ ಮೂರು ದಿನ ಕಾಸತಿದ್ದೆ.
ಹೊಸಾದು ತಂದ್ರ ಹತ್ರುಪಾಯಿಗೆ ಭಜಿ ಕೊಡಾಕ ಆಗತದೇನು?
ಇವರರೇ ಎಲ್ಲಿಂದ ಕೊಡಬೇಕು?"

ಆಮ್ಯಾಲ ಗಾಡಿ ಕೆಳಗಿಂದ ಗಂಟು ತಗದಳು.
ತಂಗಳ ರೊಟ್ಟಿ, ಶೇಂಗಾ ಹಿಂಡಿ, ಹಸೀ ಮೆಂತೆಪಲ್ಯಾ.
ಮುರದು ಅರ್ಧ ನನ್ನ ಕೈಯಾಗ ಇಟ್ಟಳು.
"ನನ್ನ ಭಜಿ ನಾ ಎಂದೂ ತಿಂದಾಕಿ ಅಲ್ಲ."
ಹೇಳಿದ್ಮ್ಯಾಲ ಮಾರಿ ಆಕಡೆ ತಿರುವಿದಳು.

ಸಾಲಿ ಬಿಟ್ಟಿತ್ತು.
ಹುಡುಗ ಒಬ್ಬ ಹತ್ತರ ನಾಣ್ಯಾ ಗಾಡಿಗೆ ಬಡದ:
"ಮಾವಶಿ, ನನಗ ಮೊದಲ!"
ಕಡಾಯಿ ಹೊಗಿ ಬಿಡಾಕ ಹತ್ತಿತ್ತು.
ಕೈಯಾಗ ರೊಟ್ಟಿ ಹಿಡಕೊಂಡು ನೋಡಿದೆ.
ತಳದಾಗ ಇನ್ನೂ ನನ್ನ ಎಣ್ಣಿನ ಇತ್ತು.